ಮೊದಲ ನೋಟಕ್ಕೊಂದು ಮೇಲ್ಮನವಿ

ಒಂದು ಶನಿವಾರ ರಾತ್ರಿ ಆಫೀಸಿನ ರಿಲೀಸ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ನನ್ನ ಹೆಂಡತಿ ಕಿಂಡಲ್ ಹಿಡ್ಕೊಂಡು ಒಬ್ಬಳೇ ನಗ್ತಾ ಇದ್ಲು. ಏನು ಅಂತ ಕೇಳಿದೆ. ಅವಳ ಸ್ಕೂಲಿನಲ್ಲಿ ಜೊತೆಗೆ ಪಾಠ ಮಾಡೋ ಟೀಚರ್ ಒಬ್ಬರು ಹೇಳಿದ ಕಾದಂಬರಿಯಂತೆ. ಜ್ಯಾನೆಟ್ ಓಕ್ ಅನ್ನೋ ಕೆನಡಾದ ಲೇಖಕಿ 1979ರಲ್ಲಿ ಬರೆದ 'ಲವ್ ಕಮ್ಸ್ ಸಾಫ್ಟ್ಲಿ'. ಕ್ರಿಶ್ಚಿಯನ್ ರೊಮ್ಯಾನ್ಸ್ ಅಂತ ಅಮೆರಿಕದಲ್ಲಿ ಈಗ ದೊಡ್ಡ ಮಾರ್ಕೆಟ್ಟೇ ಇದೆಯಲ್ಲ, ಅದಕ್ಕೆ ದಾರಿ ಮಾಡಿಕೊಟ್ಟ ಪುಸ್ತಕಗಳಲ್ಲಿ ಇದೂ ಒಂದು. ಪ್ರಾರ್ಥನೆ ಇರುತ್ತೆ, ಪ್ರೀತಿ ಇರುತ್ತೆ, ಮನೆಮಂದಿ ಎದುರಿಗೆ ಓದೋಕೆ ನಾಚಿಕೆ ಆಗೋವಂಥದ್ದು ಏನೂ ಇರಲ್ಲ.

ಕಥೆ ಹೀಗೆ. ಹೊಸ ನೆಲ ಹುಡುಕಿಕೊಂಡು ಗಾಡಿಯಲ್ಲಿ ಪಶ್ಚಿಮಕ್ಕೆ ಹೊರಟ ಮಾರ್ಟಿ ಅನ್ನೋ ಹುಡುಗಿಯ ಗಂಡ ದಾರಿಯಲ್ಲೇ ತೀರಿಕೊಳ್ತಾನೆ. ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಅನ್ನೋ ಅಪರಿಚಿತ ರೈತ ಬಂದು ಮದುವೆ ಆಗ್ತೀಯಾ ಅಂತಾನೆ. ಅವನೂ ಹೆಂಡತಿ ಕಳಕೊಂಡವನು, ಪುಟ್ಟ ಮಗಳಿದಾಳೆ, ಅವಳನ್ನ ನೋಡ್ಕೊಳ್ಳೋಕೆ ಒಬ್ಬಳು ತಾಯಿ ಬೇಕು. ಇದಕ್ಕಿಂತ ಕೆಟ್ಟ ಮೊದಲ ಭೇಟಿ ಇರೋಕೆ ಸಾಧ್ಯನಾ? ಮಾರ್ಟಿಗೆ ಅವನ ಮುಖ ಕಂಡರೆ ಆಗಲ್ಲ. ಆದರೆ ಆ ಕಾಡಿನಲ್ಲಿ ಬೇರೆ ದಾರಿಯೂ ಇಲ್ಲ. ಮದುವೆ ಆಗುತ್ತೆ. ಅಡುಗೆ ಬರದ ಅವಳು ಹೊತ್ತುಹೊತ್ತಿಗೂ ನಮ್ಮ ದೋಸೆಯಂಥ ಪ್ಯಾನ್‌ಕೇಕ್ ಮಾಡಿ ಬಡಿಸ್ತಾಳೆ, ಅವನು ಮಾತಾಡದೆ ತಿಂತಾನೆ. ನನ್ನ ಹೆಂಡತಿ ನಗ್ತಾ ಇದ್ದದ್ದು ಅದಕ್ಕೇ.

ಆಮೇಲೆ ನಗು ನಿಲ್ಲಿಸಿ ಅವಳೊಂದು ವಿಷಯ ಹೇಳಿದ್ಲು. ಮದುವೆಗೆ ಮುಂಚೆ ಕ್ಲಾರ್ಕ್ ಒಂದು ಮಾತು ಕೊಟ್ಟಿರ್ತಾನೆ: ಚಳಿಗಾಲ ಕಳೆದು ಗಾಡಿಗಳು ವಾಪಸ್ ಹೊರಡೋ ಹೊತ್ತಿಗೆ ನಿನಗೆ ಇಲ್ಲಿ ಇರೋಕೆ ಇಷ್ಟ ಇಲ್ಲದಿದ್ರೆ, ಖರ್ಚು ಕೊಟ್ಟು ನಿನ್ನೂರಿಗೆ ಕಳಿಸ್ತೀನಿ.

"ನಿಮ್ಮಜ್ಜಿಗೆ ಯಾರಾದ್ರೂ ಹಿಂಗ್ ಹೇಳಿದ್ರಾ ರೀ?" ಅಂತ ಕೇಳಿದ್ಲು.

ಯಾರೂ ಹೇಳಿರಲಿಲ್ಲ. ನನ್ನ ನಿದ್ದೆ ಹಾಳಾಗಿದ್ದು ಅಲ್ಲಿಂದ.

ನಮ್ಮಜ್ಜಿ ಸಿರಾ ಸೀಮೆಯವಳು. ಕೊಟ್ಟಿದ್ದು ಮಧುಗಿರಿ ತಾಲ್ಲೂಕಿನ ನಮ್ಮೂರಿಗೆ. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಆಗಿತ್ತಂತೆ, ಅವಳಿಗೆ ಹದಿನಾಲ್ಕೋ ಹದಿನೈದೋ. ಆಗ ನಮ್ಮ ಕಡೆ ಬಹಳಷ್ಟು ಮದುವೆಗಳು ಸೋದರಿಕೆಯೊಳಗೇ ನಡೀತಿದ್ದವು. ಅತ್ತೆ ಮಗನೋ, ಸೋದರಮಾವನೋ ಆದ್ರೆ ಮೊದಲ ನೋಟ ಅನ್ನೋ ಪ್ರಶ್ನೆಯೇ ಇಲ್ಲ, ಅವನು ಮೂಗು ಸುರಿಸಿಕೊಂಡು ಓಡಾಡಿದ್ದನ್ನೇ ನೋಡಿರ್ತಾರೆ. ಅಜ್ಜಿಯದು ಮಾತ್ರ ಹೊಸ ಸಂಬಂಧ. ತಾಳಿ ಕಟ್ಟಿಸಿಕೊಳ್ಳೋವಾಗ ಬಾಸಿಂಗದ ಕುಚ್ಚು ಮುಖಕ್ಕೆ ಇಳಿಬಿದ್ದು, ತಲೆ ತಗ್ಗಿಸಿ ಕೂತು, ಅವಳು ಕಂಡಿದ್ದು ಗಂಡನ ಪಾದ ಎರಡೇ. ಬಲಗಾಲಿನ ಹೆಬ್ಬೆರಳ ಉಗುರು ನೇಗಿಲು ತಾಗಿ ಕರ್ರಗಾಗಿತ್ತಂತೆ.

ಮಾರನೆ ದಿನ ಗಂಡನ ಮನೆಯಲ್ಲಿ ಅತ್ತೆ ತಂಬಿಗೆ ಕೈಗಿಟ್ಟು "ನಿನ್ ಗಂಡಂಗೆ ಕೈಕಾಲಿಗೆ ನೀರು ಕೊಡು" ಅಂದ್ರು. ಜಗಲಿ ಮೇಲೆ ಇಬ್ಬರು ಗಂಡಸರು ಕೂತಿದ್ರು. ಅಜ್ಜಿ ನೀರು ಕೊಟ್ಟಿದ್ದು ಮೈದುನನಿಗೆ.

ಈ ಕಥೆಗೆ ನಮ್ಮ ಮನೆಯಲ್ಲಿ ನಲವತ್ತು ವರ್ಷ ನಕ್ಕಿದ್ದಾರೆ. ಹಬ್ಬಕ್ಕೆ ನೆಂಟರು ಬಂದ್ರೆ ಇದು ಖಾಯಂ ಐಟಂ. ಅಜ್ಜಿಯೂ ನಗ್ತಿದ್ಲು. ನಾನು ಬಿಇ ಓದೋಕೆ ಸೇರಿದ ವರ್ಷ ಒಂದಿನ, ಅಂಗಳದಲ್ಲಿ ಕೂತು ಕಡ್ಲೆಕಾಯಿ ಬಿಡಿಸ್ತಾ, ಉಳಿದರ್ಧ ಹೇಳಿದ್ಲು. "ಅವತ್ತು ರಾತ್ರಿಯೆಲ್ಲ ಅತ್ತೆ ಕಣಪ್ಪಾ. ಆಮ್ಯಾಕೆ ಹದಿನೈದ್ ದಿನ ಕಾಲ್ ನೋಡ್ಕಂಡೇ ನೀರ್ ಕೊಟ್ಟೆ. ಕರೀ ಉಗ್ರು ಇದ್ರೆ ಅವ್ರೇ."

ಕಾದಂಬರಿಯಲ್ಲಿ ಮಾರ್ಟಿಯ ಮುಜುಗರ ನೋಡಿ ನನ್ನ ಹೆಂಡತಿ ನಕ್ಕಿದ್ದು, ನಮ್ಮ ಮನೆಯವರು ಅಜ್ಜಿಯ ಮುಜುಗರಕ್ಕೆ ನಕ್ಕಿದ್ದು, ಎರಡೂ ನಗುವೇ. ವ್ಯತ್ಯಾಸ ಇಷ್ಟೇ: ಮಾರ್ಟಿಯ ಕೈಯಲ್ಲಿ ವಾಪಸ್ ಟಿಕೆಟ್ ಇತ್ತು. ಮೊದಲ ನೋಟ ತಪ್ಪಾಗಬಹುದು, ಎಲ್ಲರಿಗೂ ಆಗುತ್ತೆ. ಅದನ್ನ ತಿದ್ದೋ ಅಧಿಕಾರ ಯಾರಿಗಿತ್ತು, ಯಾವಾಗ ಬಂತು ಅನ್ನೋದು ನನಗೆ ಈಗ ಚರಿತ್ರೆಯ ಪ್ರಶ್ನೆಯಾಗಿ ಕಾಣುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಭೇಟಿಯಲ್ಲಿ ಒಬ್ಬರಿಗೊಬ್ಬರು ಆಗದೆ, ಆಮೇಲೆ ಪ್ರೀತಿಗೆ ತಿರುಗೋ ಕಥೆಗಳಿಗೆಲ್ಲ ದೊಡ್ಡಜ್ಜಿ ಅಂದ್ರೆ ಜೇನ್ ಆಸ್ಟಿನ್‌ರ 'ಪ್ರೈಡ್ ಅಂಡ್ ಪ್ರೆಜುಡೀಸ್'. ಆಸ್ಟಿನ್ ಒಬ್ಬ ಪಾದ್ರಿಯ ಮಗಳು. 1796–97ರಲ್ಲಿ, ಇನ್ನೂ ಇಪ್ಪತ್ತು ಇಪ್ಪತ್ತೊಂದರ ಹುಡುಗಿ, ಇಂಗ್ಲೆಂಡಿನ ಹಳ್ಳಿಯ ಚರ್ಚಿನ ಮನೆಯಲ್ಲಿ ಕೂತು ಅದರ ಮೊದಲ ರೂಪ ಬರೆದಾಗ ಇಟ್ಟ ಹೆಸರು 'ಫಸ್ಟ್ ಇಂಪ್ರೆಶನ್ಸ್', ಅಂದ್ರೆ ಮೊದಲ ನೋಟದಲ್ಲಿ ಮನಸ್ಸಿಗೆ ಅನಿಸಿದ್ದು. ಅಪ್ಪ 1797ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರಿಗೆ ಪತ್ರ ಬರೆದು ನೋಡ್ತೀರಾ ಅಂತ ಕೇಳಿದ್ರು. ಹಸ್ತಪ್ರತಿ ನೋಡದೆಯೇ ಬೇಡ ಅಂತ ಉತ್ತರ ಬಂತು. ಮೊದಲ ನೋಟದ ಬಗ್ಗೆ ಬರೆದ ಪುಸ್ತಕಕ್ಕೆ ಮೊದಲ ನೋಟವೂ ಸಿಗಲಿಲ್ಲ ಅಂದ್ಕೊಳ್ಳಿ. 1801ರಲ್ಲಿ ಅದೇ ಹೆಸರಿನ ಬೇರೊಂದು ಕಾದಂಬರಿ ಬಂದುಬಿಡ್ತು. ಕೊನೆಗೆ 1813ರಲ್ಲಿ ಹೆಸರು ಬದಲಾಗಿ ಅಚ್ಚಾಯಿತು. ಆಗಲೂ ಲೇಖಕಿಯ ಹೆಸರು ಪುಸ್ತಕದ ಮೇಲೆ ಇರಲಿಲ್ಲ.

ಆ ಕಥೆಯಲ್ಲಿ ಡಾರ್ಸಿ ಒಂದು ಕುಣಿತದ ಕೂಟದಲ್ಲಿ ಎಲಿಜಬೆತ್‌ಳನ್ನ ನೋಡಿ, ಪರವಾಗಿಲ್ಲ, ಆದರೆ ನಾನು ಎದ್ದು ಹೋಗಿ ಮಾತಾಡಿಸೋವಷ್ಟು ಚೆಂದ ಏನಿಲ್ಲ ಅನ್ನೋ ಧಾಟಿಯಲ್ಲಿ ಗೆಳೆಯನ ಹತ್ತಿರ ಮಾತಾಡ್ತಾನೆ. ಅದು ಅವಳ ಕಿವಿಗೆ ಬೀಳುತ್ತೆ. ಮುಂದೆ ಅವನೇ ಬಂದು ಮದುವೆ ಆಗು ಅಂದಾಗ ಅವಳು ಮುಖಕ್ಕೆ ಹೊಡೆದಂಗೆ ಬೇಡ ಅಂತಾಳೆ. ಎರಡನೇ ಸಲ ಕೇಳಿದಾಗ ಒಪ್ತಾಳೆ. ಇಡೀ ಕಾದಂಬರಿ ನಿಂತಿರೋದು ಆ ಎರಡು ಪ್ರಸ್ತಾಪಗಳ ನಡುವೆ. ನಡುವೆ ಅವಳಿಗೆ ಯೋಚನೆ ಮಾಡೋಕೆ ಟೈಮ್ ಸಿಕ್ತು, ಅದೇ ಪ್ರೇಮಕಥೆ.

ಅದೇ ಹೊತ್ತಿಗೆ ನಮ್ಮ ಸೀಮೆಯಲ್ಲಿ ಏನಾಗ್ತಿತ್ತು? 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಮೈಸೂರು ಸೀಮೆ ನೋಡಿಕೊಂಡು ಬಾ ಅಂತ ಕಳಿಸ್ತು. ಆತ 1800ರಲ್ಲಿ ಮಧುಗಿರಿ, ಸಿರಾ ಎರಡೂ ಕಡೆ ಬಂದು ಹೋದ. ಮಣ್ಣು ಯಾವುದು, ಬೆಳೆ ಏನು, ಯಾವ ಜಾತಿಯವರು ಏನು ಉಣ್ತಾರೆ, ಹೆಂಗೆ ಮದುವೆ ಮಾಡ್ತಾರೆ, ಎಲ್ಲ ಬರ್ಕೊಂಡ. 1807ರಲ್ಲಿ ಮೂರು ಸಂಪುಟ ಲಂಡನ್ನಿನಲ್ಲಿ ಅಚ್ಚಾದವು. ನನಗೆ ಆ ಪ್ರಯಾಣ ನೆನೆಸಿಕೊಂಡರೆ ಹೆಣ್ಣು ನೋಡೋ ಶಾಸ್ತ್ರವೇ ನೆನಪಾಗುತ್ತೆ. ಹೊರಗಿನವರು ಬಂದ್ರು, ಕೂತ್ರು, ಮೇಲಿಂದ ಕೆಳಗೆ ನೋಡಿದ್ರು, ಬರ್ಕೊಂಡು ಹೋದ್ರು. ನಮ್ಮವರಿಗೆ ಅವರ ಬಗ್ಗೆ ಏನನಿಸ್ತು ಅನ್ನೋದಕ್ಕೆ ಸಂಪುಟ ಇಲ್ಲ.

ಮಧುಗಿರಿಯಿಂದ ಪಾವಗಡದ ದಾರಿಯಲ್ಲಿ ಮಿಡಿಗೇಶಿ ಸಿಗುತ್ತೆ, ಬೆಟ್ಟ, ಕೋಟೆ ಇರೋ ಊರು. ಹಿಮ್ಮಡಿ ಮುಟ್ಟೋ ಕೂದಲಿದ್ದ ಒಬ್ಬ ಹೆಣ್ಣುಮಗಳಿಂದ ಆ ಹೆಸರು ಬಂತು ಅಂತ ನಮ್ಮ ಕಡೆ ಹೇಳ್ತಾರೆ. ಕೂದಲು ಎಷ್ಟುದ್ದ ಇತ್ತು ಅನ್ನೋದು ಊರಿನ ಹೆಸರಲ್ಲೇ ಉಳೀತು. ಅವಳ ಮನಸ್ಸಲ್ಲಿ ಏನಿತ್ತು ಅನ್ನೋದು ಉಳಿಯಲಿಲ್ಲ.

ಸರಿ, ಕನ್ನಡದಲ್ಲಿ ಇಂಥ ಕಾದಂಬರಿ ಯಾವಾಗ ಬಂತು? ಇಲ್ಲಿ ಮಿಷನರಿಗಳ ಪಾತ್ರ ಬರುತ್ತೆ. ನಮ್ಮ ಜಿಲ್ಲೆಗೆ ವೆಸ್ಲಿಯನ್ ಮಿಷನ್ನಿನವರು ಬಂದಿದ್ದು ಗುಬ್ಬಿಗೆ, 1830ರ ದಶಕದಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1834ರಲ್ಲಿ ಕೆಲಸ ಶುರು ಮಾಡ್ತು, ಕೆಲವೇ ವರ್ಷದಲ್ಲಿ ಛಾಪಖಾನೆ ಹಾಕ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಗೆ ಬಂದಿದ್ದು ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೈಯಿಂದ. ಜಾನ್ ಬನ್ಯನ್‌ನ ಭಕ್ತಿ ಕಥೆ 'ಯಾತ್ರಿಕನ ಸಂಚಾರ'ವಾಗಿ 1847ರಲ್ಲಿ ಕನ್ನಡಕ್ಕೆ ಬಂತು. ಅವರ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಅಚ್ಚುಮೊಳೆ ಒಂದು ಸಲ ಊರಿಗೆ ಬಂದ ಮೇಲೆ ಅದು ಯಾರ ಮಾತನ್ನೂ ಅಚ್ಚು ಹಾಕುತ್ತೆ.

1899ರಲ್ಲಿ ಅದೇ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದನ್ನ ಕರೀತಾರೆ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು, ಸಾರಸ್ವತರು, ಕ್ರೈಸ್ತರಲ್ಲ. ಆದರೆ ಪುಸ್ತಕದ ಇನ್ನೊಂದು ಹೆಸರು ಕೇಳಿ: 'ಸದ್ಧರ್ಮ ವಿಜಯ'. ಮನೆಮಂದಿಯೆಲ್ಲ ಕೂತು ಓದಬಹುದಾದ, ಕೊನೆಗೆ ಧರ್ಮವೇ ಗೆಲ್ಲೋ ಕಥೆ. ಇವತ್ತಿನ ಅಮೆರಿಕದ ಪುಸ್ತಕದಂಗಡಿಯಲ್ಲಿ 'ಕ್ಲೀನ್ ರೊಮ್ಯಾನ್ಸ್' ಅಂತ ಬೋರ್ಡ್ ಹಾಕಿರೋ ಕಪಾಟಿನ ಪಕ್ಕದಲ್ಲೇ ಇಡಬಹುದು.

ಇಂದಿರೆ ಎಳೆ ವಯಸ್ಸಿನಲ್ಲೇ ಗಂಡನನ್ನ ಕಳ್ಕೊಂಡವಳು. ಅಪ್ಪ ಅಮ್ಮನ ಮನೆಯ ಕಪಟ, ಸಂತರ ವೇಷದವರ ಕಾಟ ತಾಳಲಾರದೆ ಮನೆ ಬಿಟ್ಟು ಅಮೃತರಾಯರ ಆಶ್ರಯಕ್ಕೆ ಬರ್ತಾಳೆ, ಓದ್ತಾಳೆ. ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಭಾಸ್ಕರನ ಜೊತೆ ಅವಳ ಮದುವೆ ಆಗುತ್ತೆ.

ಇದನ್ನ ಓದಿದಾಗ ನನಗೆ ಮೊದಲು ಅನಿಸಿದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯ ನಾಯಕಿ ವಿಧವೆಯೇ ಯಾಕೆ ಅಂತ. ವಿಧವಾ ವಿವಾಹದ ಸುಧಾರಣೆ ಹೇಳಬೇಕಿತ್ತು, ಸರಿ. 1856ರಲ್ಲೇ ಅದಕ್ಕೆ ಕಾನೂನು ಬಂದಿತ್ತು, ಜನ ಒಪ್ಪಿರಲಿಲ್ಲ. ಆದರೆ ಇನ್ನೊಂದು ಕಾರಣ ಆ ಕಾಲದ ಲೆಕ್ಕದಲ್ಲೇ ಇದೆ. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಶಿಶು ವಿವಾಹ ತಡೆಯೋ ಒಂದು ರೆಗ್ಯುಲೇಷನ್ ತಂತು. ದೊಡ್ಡ ಸುಧಾರಣೆ ಅಂತ ಹೆಸರಾಯ್ತು. ಅದು ಇಟ್ಟ ಮಿತಿ ಎಷ್ಟು ಗೊತ್ತಾ? ಎಂಟು ವರ್ಷ. ಎಂಟರೊಳಗಿನ ಹೆಣ್ಣುಮಗುವಿಗೆ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನ ಮದುವೆ ಆಗಬಾರದು. ಕಾನೂನು ಮಾಡಿ ಇದನ್ನ ನಿಲ್ಲಿಸಬೇಕಾಯ್ತು ಅಂದ್ರೆ ಅದು ನಡೀತಿತ್ತು ಅಂತ ಅರ್ಥ.

ಮೊದಲ ನೋಟದ ಕಥೆಗೆ ನೋಡೋ ಕಣ್ಣು ಎರಡು ಜೊತೆ ಬೇಕು. ಮೇಲುಜಾತಿ ಮನೆಗಳಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಮದುವೆ ಆಗಿಹೋಗೋ ಕಾಲದಲ್ಲಿ, ಬುದ್ಧಿ ಬಂದ ವಯಸ್ಸಿನ, ಗಂಡನಿಲ್ಲದ ಹೆಣ್ಣುಮಗಳು ಅಂದ್ರೆ ವಿಧವೆ ಒಬ್ಬಳೇ. ಗುಲ್ವಾಡಿಯವರಿಗೆ ಎಲಿಜಬೆತ್ ಥರದವಳು ಸಿಗೋ ಹಾಗೇ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಇಂದಿರೆ. ಅವಳಿಗೆ ಅವರು ಕೊಟ್ಟಿದ್ದು ಮೊದಲ ನೋಟ ಅಲ್ಲ, ಎರಡನೆಯದು.

ನಮ್ಮ ಬಯಲುಸೀಮೆಯ ಒಕ್ಕಲು ಮಕ್ಕಳಲ್ಲಿ ಕಥೆ ಸ್ವಲ್ಪ ಬೇರೆ. ಗಂಡ ಸತ್ತವಳಿಗೆ, ಗಂಡನನ್ನ ಬಿಟ್ಟವಳಿಗೆ ಸೀರುಡಿಕೆ ಅಂತ ಒಂದು ದಾರಿ ಎಷ್ಟೋ ಜಾತಿಗಳಲ್ಲಿ ಇತ್ತು. ಸೀರೆ ಉಡಿಸಿ, ನಾಲ್ಕು ಜನರ ಎದುರು ಕೂಡಿಸಿಬಿಡೋದು. 1899ರಲ್ಲಿ ಕಾದಂಬರಿ ಬರೆದು ಒಪ್ಪಿಸಬೇಕಾಗಿದ್ದು ನಮ್ಮ ಹಟ್ಟಿಗಳಲ್ಲಿ ಮೊದಲೇ ನಡೀತಿತ್ತು. ಆದರೆ ಅದಕ್ಕೆ ಚಪ್ಪರ ಇಲ್ಲ, ಓಲಗ ಇಲ್ಲ. ಸೀರುಡಿಕೆ ಆದವಳು ಮುಂದೆ ಬೇರೆಯವರ ಮದುವೆಯಲ್ಲಿ ಆರತಿ ತಟ್ಟೆ ಹಿಡಿಯೋ ಹಾಗಿಲ್ಲ. ಬದುಕೋಕೆ ಬಿಡ್ತಿದ್ರು, ತಲೆ ಎತ್ತೋಕೆ ಬಿಡ್ತಿರಲಿಲ್ಲ.

ಇಂದಿರಾಬಾಯಿ ಬಂದು ಹದಿನಾಲ್ಕು ವರ್ಷಕ್ಕೆ, 1913ರಲ್ಲಿ, ನಂಜನಗೂಡು ತಿರುಮಲಾಂಬ 'ಸುಶೀಲೆ' ಬರೆದ್ರು. ಸ್ವತಃ ಬಾಲವಿಧವೆ. 'ಸತೀ ಹಿತೈಷಿಣಿ' ಅನ್ನೋ ಗ್ರಂಥಮಾಲೆ ತಾವೇ ಕಟ್ಟಿ ಪುಸ್ತಕ ಹೊರಗೆ ತಂದ್ರು. ಗಂಡಸೊಬ್ಬ ವಿಧವೆಗೆ ಮರುಮದುವೆ ಮಾಡಿಸಿದ. ಆ ಬಾಳನ್ನ ತಾನೇ ಬಾಳಿದ ಹೆಣ್ಣುಮಗಳು ಬರೆದಿದ್ದು ಸುಶೀಲೆಯರ ಕಥೆ. ನಮಗೆ ಇದು ಹಿಮ್ಮುಖವಾಗಿ ಕಾಣಬಹುದು. ಆದರೆ ಪೆನ್ನು ಹಿಡಿದದ್ದೇ ಅವರ ಎರಡನೇ ಬದುಕು ಅಂತ ಅಂದ್ಕೊಂಡರೆ ಬೇರೆ ಥರ ಕಾಣುತ್ತೆ.

ಈಗ ನಮ್ಮಮ್ಮನ ಕಾಲಕ್ಕೆ ಬರೋಣ. ಹುಡುಗಿಯರ ಮದುವೆ ವಯಸ್ಸು ಹದಿನೆಂಟಕ್ಕೆ ಏರಿದ್ದು 1978ರಲ್ಲಿ. ಅಮ್ಮ ಆಗ ಹೈಸ್ಕೂಲು. ಮಧುಗಿರಿಯ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ ಕಾದಂಬರಿಗಳು ಊರಿಗೆ ಬಂದ್ರೆ ಐದಾರು ಮನೆ ಸುತ್ತಿ ವಾಪಸ್ ಹೋಗ್ತಿದ್ವಂತೆ. ಎಷ್ಟೋ ಪುಸ್ತಕಕ್ಕೆ ಕೊನೇ ಪುಟವೇ ಇರ್ತಿರಲಿಲ್ಲ. ಪಾವಗಡದಲ್ಲಿ ಇನ್ನೂ ಮಜಾ. ತಾಲ್ಲೂಕಿನ ಮೂರು ಕಡೆ ಆಂಧ್ರ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು. ನಮ್ಮ ಅತ್ತೆ, ಅಂದ್ರೆ ಹೆಂಡತಿಯ ತಾಯಿ, ತ್ರಿವೇಣಿಯನ್ನೂ ಓದ್ತಿದ್ರು, ಯದ್ದನಪೂಡಿ ಸುಲೋಚನಾರಾಣಿಯನ್ನೂ ಓದ್ತಿದ್ರು. ಸುಲೋಚನಾರಾಣಿಯವರ 'ಸೆಕ್ರೆಟರಿ'ಯಲ್ಲಿ ಸಾಹುಕಾರ ರಾಜಶೇಖರಂ, ಸ್ವಾಭಿಮಾನದ ಜಯಂತಿ. ಅವನಿಗೆ ಗತ್ತು, ಇವಳಿಗೆ ಸಿಟ್ಟು. ಆಸ್ಟಿನ್ ಮೊಮ್ಮಗಳು ತೆಲುಗು ಕಲಿತ ಹಾಗೆ.

ಆದರೆ ಅಮ್ಮನಿಗೆ ಜಾಸ್ತಿ ಹಿಡಿಸಿದ್ದು ತ್ರಿವೇಣಿಯವರ 'ಬೆಳ್ಳಿಮೋಡ'. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ರಲ್ಲ, ಕಲ್ಪನಾ ಇದ್ದದ್ದು. ಅಮ್ಮ ಅದನ್ನ ಟೆಂಟಿನಲ್ಲಿ ನೋಡಿದ್ದು ಬಹಳ ವರ್ಷ ಆದ ಮೇಲೆ. ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಮೋಹನ ಬರ್ತಾನೆ, ನೋಡ್ತಾನೆ, ಎಲ್ಲರಿಗೂ ಹಿಡಿಸ್ತಾನೆ. ಮದುವೆ ನಿಶ್ಚಯ ಆಗಿ, ಅವಳಪ್ಪನ ದುಡ್ಡಲ್ಲಿ ಅಮೆರಿಕಾಗೆ ಓದೋಕೆ ಹೋಗ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ತಾನೆ. ಆಸ್ತಿ ಇನ್ನು ಅವಳದಲ್ಲ. ವಾಪಸ್ ಬಂದ ಮೋಹನ ಹಿಂದೆ ಸರೀತಾನೆ. ಆಮೇಲೆ ಅವನಿಗೇ ಅಪಘಾತ ಆಗಿ, ಇಂದಿರಾ ಆರೈಕೆ ಮಾಡಿ, ಅವನಿಗೆ ಬುದ್ಧಿ ಬಂದು, ಮದುವೆ ಆಗೋಣ ಅಂತಾನೆ. ಅವಳು ಬೇಡ ಅಂತಾಳೆ.

ಗಮನಿಸಿ, 1899ರ ನಾಯಕಿಯ ಹೆಸರೂ ಇಂದಿರೆಯೇ. ಇಬ್ಬರ ನಡುವೆ ಅರವತ್ತು ಚಿಲ್ಲರೆ ವರ್ಷ. ಮೊದಲ ಇಂದಿರೆಗೆ ಎರಡನೇ ಸಲ ಹೂಂ ಅನ್ನೋ ಅವಕಾಶ ಸಿಕ್ತು. ಎರಡನೇ ಇಂದಿರೆಗೆ ಎರಡನೇ ಸಲ ಊಹೂಂ ಅನ್ನೋ ಧೈರ್ಯ ಬಂತು. ಎಲಿಜಬೆತ್ ಕಥೆಯಲ್ಲಿ ಕೆಟ್ಟ ಮೊದಲ ನೋಟ ಒಳ್ಳೇದಾಗಿ ತಿರುಗುತ್ತೆ. ತ್ರಿವೇಣಿ ಅದನ್ನ ಉಲ್ಟಾ ಮಾಡಿದ್ರು: ಚೆಂದದ ಮೊದಲ ನೋಟವೂ ಸುಳ್ಳಾಗಬಹುದು.

ಅಮ್ಮ ಆ ಸಿನಿಮಾ ನೋಡಿ ಬಂದ ಎರಡು ವರ್ಷಕ್ಕೆ ಅವಳನ್ನ ನೋಡೋಕೆ ಬಂದ್ರು. ನಡೆದು ತೋರಿಸು ಅಂದ್ರು, ಕುಂಟು ಇದೆಯಾ ನೋಡೋಕೆ. ಸೂಜಿಗೆ ದಾರ ಪೋಣಿಸು ಅಂದ್ರು, ಕಣ್ಣು ಸರಿ ಇದೆಯಾ ನೋಡೋಕೆ. ಜಡೆ ಬಿಚ್ಚಿ ನೋಡಿದ್ರು, ಚೌರಿ ಸೇರಿಸಿದಾರಾ ಅಂತ. ಆಮೇಲೆ ನಮ್ಮಪ್ಪನನ್ನ ಕೇಳಿದ್ರು, "ಒಪ್ಪಿಗೆನೇನಪ್ಪಾ?" ಅಮ್ಮನನ್ನ ಯಾರೂ ಕೇಳಲಿಲ್ಲ. "ನಂಗೆ ಅವ್ರು ಚೆನ್ನಾಗೇ ಕಂಡ್ರು ಬಿಡು, ಅದ್ ಬೇರೆ ವಿಷ್ಯ" ಅಂತಾಳೆ ಅಮ್ಮ. "ಕೇಳಿದ್ರೆ ಹೂಂ ಅಂತಿದ್ದೆ. ಕೇಳ್ಬೇಕಿತ್ತು."

ನನ್ನ ಸರದಿ ಬರೋ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಹೆಣ್ಣು ನೋಡೋಕೆ ಹೋಗಿದ್ದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಉಪ್ಪಿಟ್ಟು, ಕೇಸರಿಬಾತು, ಚಾಪೆ ಮೇಲೆ ಹಿರಿಯರು. ಹುಡುಗಿ ತುಮಕೂರಲ್ಲಿ ಟೀಚರ್. ಬಂದು ಕೂತ್ಲು. ಕೇಳಿದ್ದಕ್ಕೆಲ್ಲ ತುಟಿ ಬಿಚ್ಚಿಯೂ ಬಿಚ್ಚದ ಹಾಗೆ ಒಂದೊಂದೇ ಮಾತಿನ ಉತ್ತರ. ನಮ್ಮ ಸೋದರತ್ತೆ ಏನೋ ತಮಾಷೆ ಮಾಡಿ ಎಲ್ಲರೂ ನಕ್ಕರೂ ಇವಳು ನಗಲಿಲ್ಲ. ನಾನು ಬೇರೆ ಮಾತು ತೋಚದೆ "ಇನ್ ಐದ್ ವರ್ಷಕ್ಕೆ ಏನ್ ಪ್ಲಾನ್ ಇದೆ?" ಅಂತ ಕೇಳಿದೆ. ಕ್ಯಾಂಪಸ್ ಇಂಟರ್‌ವ್ಯೂ ಪ್ರಶ್ನೆ. ಅವತ್ತು ನಾನು ಆನ್‌ಕಾಲ್ ಬೇರೆ, ಅಲ್ಲೆಲ್ಲೋ ಸರ್ವರ್ ಮಲಗಿತ್ತು, ಜೇಬಲ್ಲಿ ಫೋನು ಗುರ್ ಅಂತಲೇ ಇತ್ತು.

ಕಾರಲ್ಲಿ ವಾಪಸ್ ಬರೋವಾಗ ಮಿಡಿಗೇಶಿ ದಾಟೋದ್ರೊಳಗೆ ನನ್ನ ತೀರ್ಪು ಬರೆದು ಮುಗಿದಿತ್ತು. "ಜಂಭ ಜಾಸ್ತಿ. ಬೇಡ" ಅಂದೆ. ಅತ್ತೆ ಎರಡು ದಿನ ಬಿಟ್ಟು ಹೇಳಿ ಕಳಿಸೋಣ ಅಂದ್ರು, ತಕ್ಷಣ ಹೇಳಿದ್ರೆ ಚೆನ್ನಾಗಿರಲ್ಲ ಅಂತ. ಆ ಎರಡು ದಿನದಲ್ಲಿ ಅವರ ಕಡೆಯಿಂದಲೇ ಮಾತು ಬಂತು. ಹುಡುಗಿ ಇನ್ನೊಂದು ಸಲ ಮಾತಾಡಬೇಕಂತೆ, ಮನೆಯಲ್ಲಿ ಅಲ್ಲ, ಹೊರಗೆ. ನಮ್ಮ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡ್ರು. ಹೋಗು ಅಂದಿದ್ದು ಅಮ್ಮ ಒಬ್ಬಳೇ.

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದಲ್ಲಿ ಸಿಕ್ಕಿದ್ವಿ. ಜೊತೆಗೆ ಬಂದಿದ್ದ ಅವಳ ದೊಡ್ಡಮ್ಮ ಮಂಡಿನೋವು ಅಂತ ಕೆಳಗಿನ ಮೆಟ್ಟಿಲಲ್ಲೇ ಕೂತ್ರು. ಅರ್ಧ ಹತ್ತೋದ್ರೊಳಗೆ ಒಂದು ಕೋತಿ ನನ್ನ ಕೈಯಲ್ಲಿದ್ದ ಕಡ್ಲೆಪುರಿ ಪೊಟ್ಟಣಕ್ಕೆ ಹಾರ್ತು. ನಾನು ಹೆದರಿ ಚಪ್ಪಲಿ ಬಿಟ್ಟು ನಾಲ್ಕು ಮೆಟ್ಟಿಲು ಹಾರಿದೆ. ಅವಳು ಜೋರಾಗಿ ನಕ್ಕುಬಿಟ್ಲು. ನಕ್ಕವಳು ಥಟ್ ಅಂತ ಬಾಯಿಗೆ ಕೈ ಅಡ್ಡ ಇಟ್ಲು. ಅಷ್ಟರಲ್ಲಿ ಕಂಡಿತ್ತು. ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆ.

ಪಾವಗಡ, ಸಿರಾ, ಮಧುಗಿರಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಜ್ಜಿಯ ಕಾಲದಲ್ಲಿ ಕುಡಿಯೋಕೆ ಕೆರೆ, ಸೇದೋ ಬಾವಿ. ಆಮೇಲೆ ಬಾವಿ ಬತ್ತಿ ಬೋರ್‌ವೆಲ್ ಬಂತು. ನೂರಾರು ಅಡಿ ಕೆಳಗೆ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನ ಕರಗಿಸಿಕೊಂಡು ಮೇಲೆ ಬರುತ್ತೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದ್ರೆ ಒಂದೂವರೆ, ಅಂತ ನಮ್ಮ ದೇಶದ ಮಾನದಂಡ ಹೇಳುತ್ತೆ. ನಮ್ಮ ಎಷ್ಟೋ ಹಳ್ಳಿಯ ನೀರಿನಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳೋದು ಮಗುವಿನ ಮೊದಲ ಏಳೆಂಟು ವರ್ಷದಲ್ಲಿ. ಆಗ ಕುಡಿದ ನೀರು ಹಲ್ಲಿನ ಮೇಲೆ ಬರೆದುಬಿಡುತ್ತೆ. ಆಮೇಲೆ ಯಾವ ಪೇಸ್ಟ್ ಹಾಕಿ ಉಜ್ಜಿದರೂ ಹೋಗಲ್ಲ.

"ಹಿಂದೆ ಮೂರು ಕಡೆಯವ್ರು ಹಲ್ಲು ನೋಡಿ ಬೇಡ ಅಂದಿದ್ರು" ಅಂದ್ಲು. "ಈ ಸಲ ಬಾಯಿ ತೆಗೀಬೇಡ ಅಂತ ಅಮ್ಮ ಆಣೆ ಹಾಕ್ಸಿದ್ರು. ಮುಚ್ಚಿಟ್ಟು ಮದುವೆ ಆಗೋದು ನಂಗಿಷ್ಟ ಇಲ್ಲ. ಅದಕ್ಕೇ ಕರೆಸಿದ್ದು. ನೀವು ಜಂಭ ಅಂದ್ಕೊಂಡ್ರಿ ಅಲ್ವಾ?"

ಹೌದು ಅಂದೆ.

"ನಾನೂ ನಿಮಗೆ ಜಂಭ ಅಂದ್ಕೊಂಡೆ. ಹದಿನಾಲ್ಕು ಸಲ ಫೋನ್ ನೋಡಿದ್ರಿ. ಎಣಿಸ್ದೆ."

ಮದುವೆ ಆಯ್ತು. ಕಾದಂಬರಿ ಆಗಿದ್ರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದು ಚರಿತ್ರೆ, ಹಾಗಾಗಿ ಒಂದು ಬಾಕಿ ಇದೆ.

ಈ ಬರಹದ ಕರಡು ಅವಳಿಗೆ ಓದೋಕೆ ಕೊಟ್ಟಿದ್ದೆ. ಅಜ್ಜಿಯ ಭಾಗಕ್ಕೆ ಕಣ್ಣೊರೆಸಿಕೊಂಡ್ಲು, ಕೋತಿ ಹತ್ತಿರ ನಕ್ಕಳು. ಮನೆಯಲ್ಲಿ ಈಗ ಬಾಯಿಗೆ ಕೈ ಅಡ್ಡ ಇಡಲ್ಲ, ಫೋಟೋಗೆ ನಿಂತಾಗ ಮಾತ್ರ ಇನ್ನೂ ತುಟಿ ಬಿಗಿ ಹಿಡೀತಾಳೆ. ಕೊನೆಗೆ ಪುಟ ಕೆಳಗಿಟ್ಟು ಕೇಳಿದ್ಲು: "ಮೊದಲ ದಿನವೇ, ಚಾಪೆ ಮೇಲೆ ಎಲ್ಲರ ಎದುರಿಗೇ ನಾನು ನಕ್ಕಿದ್ರೆ, ಆಗ ನೀವು ಹೂಂ ಅ‌ಂತಿದ್ರಾ?"

ಅಂತಿದ್ದೆ ಅಂತ ಹೇಳೋಕೆ ಬಾಯಿ ತೆಗೆದೆ. ಆಮೇಲೆ ಕಾರಿನಲ್ಲಿ ಮಿಡಿಗೇಶಿ ದಾಟೋದ್ರೊಳಗೆ ತೀರ್ಪು ಬರೆದು ಮುಗಿಸಿದ್ದ ಹುಡುಗ ನೆನಪಾದ. ಅವನ ಪರವಾಗಿ ಮಾತು ಕೊಡೋಕೆ ನನ್ನಿಂದ ಆಗಲಿಲ್ಲ.

"ಗೊತ್ತಿಲ್ಲ" ಅಂದೆ.

ಅವಳು ಸ್ವಲ್ಪ ಹೊತ್ತು ನನ್ನ ನೋಡಿದ್ಲು. "ಇದನ್ನೂ ಬರೀರಿ" ಅಂದು ಕಿಂಡಲ್ ಎತ್ಕೊಂಡು ಒಳಗೆ ಹೋದ್ಲು. ಬರೆದಿದ್ದೀನಿ.